ಪಾರ್ಟ್ ಟೂ ಆರ್ಡರ್ ಎಂಬ ಒಂದೇ ಹಾಳೆ

ಸೇನೆಯಿಂದ ನಿವೃತ್ತಿಯಾಗಲು ಇನ್ನೂ ಒಂದೂವರೆ ವರ್ಷ ಇತ್ತು. ದಾಖಲೆ ಸರಿನೋಡುವ ಡಾಕ್ಯುಮೆಂಟೇಶನ್ ವೇಳೆ ಸುಮ್ನೆ ನನ್ನ ಶೀಟ್ ರೋಲ್, ಅಂದರೆ ಸೇವಾ ದಾಖಲೆ, ನೋಡಿದೆ. ವಿದ್ಯಾರ್ಹತೆ ಕಾಲಂನಲ್ಲಿ ಎಸ್ಸೆಸ್ಸೆಲ್ಸಿ ಮಾತ್ರ! ಸೇವೆಯಲ್ಲಿದ್ದುಕೊಂಡೇ ಮುಗಿಸಿದ ಪಿಯುಸಿ, ಬಿಎ ಎರಡೂ ಇಲ್ಲ.

ಅಂಕಪಟ್ಟಿಯ ಜೆರಾಕ್ಸ್ ಕೊಟ್ಟಿದ್ದೆ, ಅಷ್ಟೇ ಸಾಕು ಅಂದುಕೊಂಡಿದ್ದೆ. ತಪ್ಪು ಅಲ್ಲೇ ಆಗಿತ್ತು. ಯೂನಿಟ್‌ನಿಂದ ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ವಿವರಗಳಲ್ಲಾದ ಬದಲಾವಣೆಯನ್ನು ಪ್ರಕಟಿಸುವ ಆದೇಶ, ಹೊರಡದೆ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ಏನೂ ಬದಲಾಗುವುದಿಲ್ಲ. ಜೆರಾಕ್ಸ್ ಯಾವುದೋ ಫೈಲಿನಲ್ಲಿ ಮಲಗಿತ್ತು.

ಮತ್ತೆ ಅರ್ಜಿ ಹಾಕಿದೆ. ಈ ಸಲ ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಓದಲು ಪಡೆದಿದ್ದ ಅನುಮತಿ ಪತ್ರ ಎಲ್ಲವನ್ನೂ ಜೋಡಿಸಿದೆ. ಆಗ ಹೊಸ ತಲೆನೋವು: ಹೆಸರು. ನಮ್ಮ ಕಡೆ ಇನಿಶಿಯಲ್ ಸಾಕು, ಅಲ್ವಾ? ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಎಚ್.ಎಂ.’ ಇದೆ. ಸೇನೆಯ ದಾಖಲೆಯಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದ್ದಾರೆ. ಇಬ್ಬರೂ ಒಬ್ಬನೇ ಎಂದು ನೋಟರಿ ಅಫಿಡವಿಟ್ ಮಾಡಿಸಿದೆ.

ಜಾಸ್ತಿ ಸಮಯ ತಿಂದದ್ದು ವಿಶ್ವವಿದ್ಯಾಲಯದ ನೈಜತೆ ಪರಿಶೀಲನೆ. ಶುಲ್ಕ ಕಟ್ಟಿ, ರಜೆಯಲ್ಲಿ ಖುದ್ದಾಗಿ ಹೋಗಿ ಕೇಳಿದ ಮೇಲೆಯೇ ಉತ್ತರ ಹೊರಟಿತು.

ಆರ್ಡರ್ ಪ್ರಕಟವಾದ ದಿನ ಅದರ ನಂಬರ್, ತಾರೀಕು ಡೈರಿಯಲ್ಲಿ ಬರೆದುಕೊಂಡೆ. ರೆಕಾರ್ಡ್ ಆಫೀಸಿಗೆ ಬರೆದ ಪತ್ರಗಳಲ್ಲೆಲ್ಲ ಅದೇ ನಂಬರ್ ಹಾಕಿದೆ. ಈಗ, ನಿವೃತ್ತಿ ವೇಳೆ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿ ಬಿಎ ಅಂತ ಇದೆ.