ಕಾರಿಲ್ಲದೆ ಇಂಗ್ಲೆಂಡಿನ ಶಾಲಾ ರಜೆ: ಬಳ್ಳಾರಿ ಸೀಮೆಯಿಂದ ಹೊರಟವರಿಗೆ

ಮ್ಯಾಂಚೆಸ್ಟರಿನಲ್ಲಿ ಆರು ವರ್ಷ ಇದ್ದು, ಕಾರು ಕೊಳ್ಳದೆಯೇ ಇಬ್ಬರು ಮಕ್ಕಳನ್ನು ಓದಿಸಿ ಬಳ್ಳಾರಿಗೆ ಮರಳಿದ ಮೇಲೆ, ಬ್ರಿಟನ್ನಿಗೆ ಹೊರಟವರು ಗಾಂಧಿನಗರದ ನಮ್ಮ ಮನೆಗೆ ಬಂದು ವಿಚಾರಿಸಿಕೊಂಡು ಹೋಗುವುದು ರೂಢಿಯಾಗಿದೆ. ವೀಸಾ, ಬಾಡಿಗೆ ಮನೆ, ಬ್ಯಾಂಕ್ ಖಾತೆಗಳ ವಿಷಯ ಅವರಿಗೆ ನನಗಿಂತ ಚೆನ್ನಾಗಿ ತಿಳಿದಿರುತ್ತದೆ, ಹಾಗಾಗಿ ಅದನ್ನು ನಾನು ಹೇಳಲು ಹೋಗುವುದಿಲ್ಲ. ಆದರೆ ಈಚೆಗೆ ಊರಿಗೆ ಬಂದಿದ್ದ ಸಿರುಗುಪ್ಪದ ನರ್ಸ್ ಒಬ್ಬರು ತಮ್ಮ ಯಜಮಾನರಿಗೆ ಅಲ್ಲಿನ ರೈಲಿನಲ್ಲಿ ಬಿದ್ದ ದಂಡದ ಚೀಟಿಯನ್ನು ಫೋನಿನಲ್ಲಿ ತೋರಿಸಿದಾಗ ನನಗೆ ಸುಮ್ಮನಿರಲು ಆಗಲಿಲ್ಲ. 2023ರಲ್ಲಿ ನಾನು ಕಟ್ಟಿದ್ದೂ ಅದೇ ದಂಡ, ಅದೇ ತಪ್ಪಿಗೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ರಜೆಯ ಲೆಕ್ಕ.

ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಮಕ್ಕಳು ಅಜ್ಜಿಯ ಊರು ಸೇರುತ್ತಾರೆ, ಜೂನಿನವರೆಗೆ ತಂದೆತಾಯಿಗಳಿಗೆ ಆ ಚಿಂತೆ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ರಜೆಯನ್ನು ವರ್ಷದುದ್ದಕ್ಕೂ ಹಂಚಿದ್ದಾರೆ. ಅಕ್ಟೋಬರ್, ಫೆಬ್ರವರಿ ಮತ್ತು ಮೇ ತಿಂಗಳುಗಳಲ್ಲಿ ಹಾಫ್ ಟರ್ಮ್ ಎನ್ನುವ ಒಂದೊಂದು ವಾರ, ಕ್ರಿಸ್‌ಮಸ್ ಮತ್ತು ಈಸ್ಟರ್‌ಗೆ ಎರಡೆರಡು ವಾರ, ಜುಲೈ ಕೊನೆಯಿಂದ ಸುಮಾರು ಆರು ವಾರ. ಮಕ್ಕಳ ಮನಸ್ಸಿಗೆ ಅವರ ಪದ್ಧತಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಆರೇಳು ವಾರಕ್ಕೊಮ್ಮೆ ಅವರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಆದರೆ ಅಜ್ಜಿಯ ಮನೆಯಿಲ್ಲದ ಊರಿನಲ್ಲಿ ದುಡಿಯುವ ತಂದೆತಾಯಿಗಳಿಗೆ ಅದು ಭಾರವೇ. ಈ ದಿನಾಂಕಗಳು ಒಂದು ಕೌನ್ಸಿಲಿನಿಂದ (ಸ್ಥಳೀಯ ಆಡಳಿತದಿಂದ) ಇನ್ನೊಂದಕ್ಕೆ, ಕೆಲವೊಮ್ಮೆ ಒಂದೇ ಊರಿನ ಎರಡು ಶಾಲೆಗಳ ನಡುವೆಯೂ ಬೇರೆಯಾಗಬಹುದು. ಪಕ್ಕದ ಮನೆಯವರನ್ನು ಕೇಳಿ ಟಿಕೆಟ್ ಕಾಯ್ದಿರಿಸಬೇಡಿ, ನಿಮ್ಮ ಮಗುವಿನ ಶಾಲೆಯ ಪಟ್ಟಿಯನ್ನೇ ನೋಡಿ.

ಅದೇ ಪಟ್ಟಿಯಲ್ಲಿ ಇನ್‌ಸೆಟ್ ಡೇ ಎಂದು ವರ್ಷಕ್ಕೆ ಐದು ದಿನಗಳಿರುತ್ತವೆ. ಅಂದು ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ರಜೆ. ಹೊಸಬರು ಇವನ್ನು ಗಮನಿಸದೆ ಮಗುವನ್ನು ಶಾಲೆಯ ಗೇಟಿನವರೆಗೆ ಕರೆದುಕೊಂಡು ಹೋಗಿ ಮರಳುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಈ ದಿನಗಳನ್ನು ಶಾಲೆಗಳು ತಮತಮಗೆ ಬೇಕಾದಂತೆ ಇಟ್ಟುಕೊಳ್ಳುವುದರಿಂದ ಬೇರೆ ಶಾಲೆಗಳು ನಡೆಯುತ್ತಲೇ ಇರುತ್ತವೆ, ಮ್ಯೂಸಿಯಮ್ಮುಗಳಲ್ಲಿ ಜನ ವಿರಳ. ಆಗಸ್ಟಿನಲ್ಲಿ ಜನರ ಹೆಗಲ ಮೇಲಿಂದ ಇಣುಕಿ ನೋಡಬೇಕಾದ ಡೈನೋಸಾರನ್ನು ಅಂದು ಮಕ್ಕಳು ಹತ್ತಿರ ನಿಂತು ನೋಡಬಹುದು. ನಿಮ್ಮ ಕೆಲಸದ ರಜೆಯಲ್ಲಿ ಒಂದೆರಡು ದಿನವನ್ನು ಇದಕ್ಕೆಂದೇ ಮೀಸಲಿಡಿ.

ಎಲ್ಲಿಗೆ ಹೋಗಬೇಕೆಂಬುದು ಅಲ್ಲಿ ಸಮಸ್ಯೆಯೇ ಅಲ್ಲ. 2001ರ ಡಿಸೆಂಬರಿನಿಂದ ಇಂಗ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್ಮುಗಳ ಶಾಶ್ವತ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವಿಲ್ಲ, ದೊಡ್ಡವರಿಗೂ ಇಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮತ್ತು ಸೈನ್ಸ್ ಮ್ಯೂಸಿಯಮ್ಮುಗಳ ಹೆಸರು ಎಲ್ಲರೂ ಕೇಳಿರುತ್ತಾರೆ. ಯಾರ್ಕ್ ಊರಿನ ರೈಲ್ವೆ ಮ್ಯೂಸಿಯಮ್ಮಿನ ಹೆಸರನ್ನು ನಮ್ಮವರು ಅಷ್ಟಾಗಿ ಕೇಳಿರುವುದಿಲ್ಲ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಬರೆದ ಮ್ಯಾಲರ್ಡ್ ಎಂಜಿನ್ ಅಲ್ಲಿಯೇ ಇದೆ. ನನ್ನ ಮಗ ಅದರ ನೀಲಿ ಮೈಯನ್ನು ಬಿಟ್ಟು ಅಲ್ಲಾಡಲಿಲ್ಲ. ಮ್ಯಾಂಚೆಸ್ಟರಿನಲ್ಲಿಯೇ ಇರುವವರಿಗೆ 1830ರ ರೈಲು ನಿಲ್ದಾಣದ ಕಟ್ಟಡವನ್ನು ಒಳಗೊಂಡ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ ಇದೆ. ಆಕ್ಸ್‌ಫರ್ಡ್ ರಸ್ತೆಯ ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿನಲ್ಲಿ 2023ರ ಫೆಬ್ರವರಿಯಲ್ಲಿ ದಕ್ಷಿಣ ಏಷ್ಯಾದ ಗ್ಯಾಲರಿಯೊಂದು ತೆರೆದಿದೆ, ಅದೂ ಉಚಿತ. ಒಳಗೆ ಖರ್ಚು ಬರುವುದು ಅಂಗಡಿಗೆ ಮತ್ತು ಊಟಕ್ಕೆ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋಗುತ್ತಿದ್ದೆವು. ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಮನೆಯಿಂದ ತಂದದ್ದನ್ನು ಕೂತು ಉಣ್ಣಲು ಸಾಮಾನ್ಯವಾಗಿ ಜಾಗ ಇರುತ್ತದೆ, ಯಾರೂ ಬೇಡವೆನ್ನುವುದಿಲ್ಲ. ರಜೆಯಲ್ಲಿ ಮಾತ್ರ ಉಚಿತ ಟಿಕೆಟ್ಟಿಗೂ ಸಮಯ ಕಾಯ್ದಿರಿಸುವುದು ಕ್ಷೇಮ.

ಬಸ್ಸಿನ ವಿಷಯದಲ್ಲಿ ನಮ್ಮ ರಾಜ್ಯವೇ ಮೇಲೆಂದು ನಾನು ಧೈರ್ಯವಾಗಿ ಹೇಳುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಳ್ಳಾರಿಯ ತಾಯಿಯೊಬ್ಬಳು ಹೆಣ್ಣುಮಗಳ ಕೈಹಿಡಿದು ಸಾಮಾನ್ಯ ಬಸ್ಸಿನಲ್ಲಿ ಹಂಪಿಗೆ ಹೋಗಿ ಬರಲು ಬಸ್ಸಿಗೆ ಒಂದು ರೂಪಾಯಿಯೂ ಬೇಕಿಲ್ಲ, ಹಂಪಿಯಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವೂ ಇಲ್ಲ. ಇಂಗ್ಲೆಂಡಿನಲ್ಲಿ ಅಂಥದ್ದಿಲ್ಲವಾದರೂ, 2025ರ ಜನವರಿಯಿಂದ ಹೆಚ್ಚಿನ ಬಸ್ಸುಗಳಲ್ಲಿ ಒಂದು ಬದಿಯ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್ ಎಂಬ ಮಿತಿ ಇದೆ; ಮ್ಯಾಂಚೆಸ್ಟರ್ ಸುತ್ತಿನ ಬೀ ನೆಟ್‌ವರ್ಕ್ ಬಸ್ಸುಗಳಲ್ಲಿ ಅದು 2025ರಲ್ಲಿ 2 ಪೌಂಡಿಗೇ ಉಳಿದಿತ್ತು. ಲಂಡನ್ನಿನಲ್ಲಿ 11 ವರ್ಷದೊಳಗಿನವರಿಗೆ ಬಸ್ಸು ಉಚಿತ. ಮಗು 11 ತುಂಬಿದ ದಿನದಿಂದ ಎಚ್ಚರ ಬೇಕು: ಲಂಡನ್ನಿನಲ್ಲಿ ಜಿಪ್ ಕಾರ್ಡು, ಮ್ಯಾಂಚೆಸ್ಟರಿನಲ್ಲಿ ಇಗೋ ಕಾರ್ಡು ಎಂಬ ಗುರುತಿನ ಕಾರ್ಡನ್ನು ಮೊದಲೇ ಮಾಡಿಸಿರಬೇಕು. ಅದಿಲ್ಲದೆ ನಿಮ್ಮ ಬ್ಯಾಂಕ್ ಕಾರ್ಡನ್ನು ಮಗುವಿನ ಕೈಗೆ ಕೊಟ್ಟು ಯಂತ್ರಕ್ಕೆ ತಾಗಿಸಿದರೆ ದೊಡ್ಡವರ ಪೂರ್ತಿ ದರ ಕಟ್ಟಾಗುತ್ತದೆ. ಸ್ಕಾಟ್ಲೆಂಡಿಗೆ ಹೋದವರು ಪುಣ್ಯವಂತರು. ಅಲ್ಲಿ 2022ರ ಜನವರಿಯಿಂದ 22 ವರ್ಷದೊಳಗಿನ ನಿವಾಸಿಗಳಿಗೆ ಬಸ್ಸು ಉಚಿತ, ಕಾರ್ಡು ಮಾಡಿಸಿಕೊಂಡರೆ ಸಾಕು.

ಇನ್ನು ರೈಲು. ಕಾರಿಲ್ಲದ ಕುಟುಂಬದ ಹಣ ಹೋಗುವುದೂ ಉಳಿಯುವುದೂ ಇಲ್ಲಿಯೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ರೈಲಿನಲ್ಲಿ ಅರ್ಧ ಟಿಕೆಟ್ಟು 12 ವರ್ಷದವರೆಗೆ ಮಾತ್ರ, ಅದೂ ಪ್ರತ್ಯೇಕ ಬರ್ತ್ ಕೇಳದಿದ್ದರೆ. ಬ್ರಿಟನ್ನಿನಲ್ಲಿ 5 ವರ್ಷದೊಳಗಿನವರಿಗೆ ಉಚಿತ, 5ರಿಂದ 15ರವರೆಗೆ ಅರ್ಧ. ಇದರ ಮೇಲೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಎಂಬುದೊಂದಿದೆ. ವರ್ಷಕ್ಕೆ 35 ಪೌಂಡ್ ಕೊಟ್ಟು ಇದನ್ನು ಕೊಂಡರೆ ನಾಲ್ವರು ದೊಡ್ಡವರವರೆಗೆ ದರದಲ್ಲಿ ಮೂರನೇ ಒಂದು ಭಾಗ, ನಾಲ್ವರು ಮಕ್ಕಳವರೆಗೆ ಮಕ್ಕಳ ದರದಲ್ಲಿ ಶೇಕಡ 60 ರಿಯಾಯಿತಿ ಸಿಗುತ್ತದೆ. ದೊಡ್ಡವರ ದರ 20 ಪೌಂಡ್ ಇರುವ ಕಡೆಗೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೊರಟರೆ 60 ಪೌಂಡ್ ಆಗಬೇಕಾದದ್ದು ಸುಮಾರು 35ಕ್ಕೆ ಇಳಿಯುತ್ತದೆ. ಎರಡು ಪ್ರಯಾಣಕ್ಕೆ ಕಾರ್ಡಿನ ಹಣ ಹುಟ್ಟುತ್ತದೆ. ಇಷ್ಟನ್ನು ಅಲ್ಲಿಗೆ ಹೋದ ವಾರದಲ್ಲೇ ಯಾರಾದರೂ ಹೇಳಿಕೊಡುತ್ತಾರೆ. ಯಾರೂ ಹೇಳದ ಮಾತು ಮುಂದಿನದು.

2023ರ ಅಕ್ಟೋಬರ್ ಹಾಫ್ ಟರ್ಮಿನಲ್ಲಿ ನಾವು ನಾಲ್ವರೂ ನ್ಯೂಕ್ಯಾಸಲ್‌ನಲ್ಲಿದ್ದ ಸಿಂಧನೂರಿನ ಗೆಳೆಯರ ಮನೆಗೆ ಹೋದೆವು. ಆ ರೈಲ್‌ಕಾರ್ಡಿನ ಮೇಲೆ ನಾಲ್ವರಿಗೂ ಹೋಗಿಬರುವ, ದಟ್ಟಣೆಯಿಲ್ಲದ ವೇಳೆಯ ಆಫ್ ಪೀಕ್ ಟಿಕೆಟ್ ಕೊಂಡಿದ್ದೆ. ಶನಿವಾರ ಎಲ್ಲರೂ ಒಟ್ಟಿಗೆ ಮರಳುವುದೆಂದು ಮಾತಾಗಿತ್ತು, ಆದರೆ ಬುಧವಾರ ಆಫೀಸಿನಿಂದ ಕರೆ ಬಂದದ್ದರಿಂದ ನಾನೊಬ್ಬನೇ ಗುರುವಾರ ಬೆಳಿಗ್ಗೆ ಮ್ಯಾಂಚೆಸ್ಟರ್ ರೈಲು ಹತ್ತಿದೆ. ಟಿಕೆಟ್ಟು ನನ್ನದೇ, ಹಣ ಕೊಟ್ಟದ್ದು, ದಿನದ ಮಿತಿಯೊಳಗಿದ್ದದ್ದು. ತಪ್ಪು ಮಾಡುತ್ತಿದ್ದೇನೆಂಬ ಅನುಮಾನವೇ ನನಗೆ ಬರಲಿಲ್ಲ. ಯಾರ್ಕ್ ದಾಟಿದ ಮೇಲೆ ತಪಾಸಣೆಯವರು ಬಂದರು. ಕಿತ್ತಳೆ ಅಂಚಿನ ಟಿಕೆಟ್ಟು ಕೊಟ್ಟೆ, ರೈಲ್‌ಕಾರ್ಡ್ ತೋರಿಸಿದೆ. ಅವರು ಕಾರ್ಡು ನೋಡಿದರು, ನನ್ನ ಪಕ್ಕದ ಖಾಲಿ ಸೀಟು ನೋಡಿದರು, ಟಿಕೆಟ್ಟಿನ ಮೇಲಿನ ಸಣ್ಣಕ್ಷರವನ್ನು ಹೆಬ್ಬೆರಳಿನಿಂದ ತೋರಿಸುತ್ತ ಮಕ್ಕಳೆಲ್ಲಿ ಎಂದು ಕೇಳಿದರು. ನ್ಯೂಕ್ಯಾಸಲ್‌ನಲ್ಲಿದ್ದಾರೆ ಎಂದೆ. ಹಾಗಾದರೆ ಈ ಟಿಕೆಟ್ಟು ನಡೆಯುವುದಿಲ್ಲ ಎಂದು ಅವರು ಶಾಂತವಾಗಿಯೇ ಹೇಳಿ ದಂಡದ ಚೀಟಿ ಬರೆದರು.

ನಿಯಮ ಹೀಗಿದೆ. ಆ ಕಾರ್ಡಿನ ರಿಯಾಯಿತಿ ಟಿಕೆಟ್ಟು ವ್ಯಕ್ತಿಯದಲ್ಲ, ಗುಂಪಿನದು. ಕಾರ್ಡಿನಲ್ಲಿ ಹೆಸರಿರುವ ಒಬ್ಬ ದೊಡ್ಡವರು ಮತ್ತು 5ರಿಂದ 15 ವರ್ಷದ ಒಂದು ಮಗುವಾದರೂ ಪ್ರಯಾಣದ ಉದ್ದಕ್ಕೂ ಜೊತೆಯಲ್ಲಿರಬೇಕು, ಹೋಗುವಾಗಲೂ ಬರುವಾಗಲೂ. ಸಿರುಗುಪ್ಪದ ದಂಪತಿಯ ಮಗಳಿಗೆ ಹೊರಡುವ ದಿನ ಜ್ವರ ಬಂದಿತ್ತು. ತಾಯಿ ಮಗಳು ಮನೆಯಲ್ಲಿ ಉಳಿದರು, ತಂದೆ ಟಿಕೆಟ್ಟು ಹಾಳಾಗುವುದು ಬೇಡವೆಂದು ಒಬ್ಬರೇ ಹೋದರು, ಸಿಕ್ಕಿಬಿದ್ದರು. ಮಿತವ್ಯಯದಿಂದ ಬದುಕಿದ ನಮ್ಮ ಜನಕ್ಕೆ ಕೊಂಡ ಟಿಕೆಟ್ಟನ್ನು ಬಿಡುವುದು ಕಷ್ಟ. ಆ ಸ್ವಭಾವವೇ ಇಲ್ಲಿ ದಂಡಕ್ಕೆ ದಾರಿಯಾಗುತ್ತದೆ. 2023ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಈ ದಂಡ 100 ಪೌಂಡ್, ಅದರ ಮೇಲೆ ಆ ಪ್ರಯಾಣದ ಒಂದು ಬದಿಯ ಪೂರ್ತಿ ದರ ಬೇರೆ. 21 ದಿನದೊಳಗೆ ಕಟ್ಟಿದರೆ 100ರ ಬದಲು 50. ಇಡೀ ವರ್ಷ ಕಾರ್ಡಿನಿಂದ ಉಳಿಸಿದ್ದು ಒಂದೇ ಬೆಳಿಗ್ಗೆ ಹೋಯಿತು.

ನನ್ನ ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಪ್ಲಾಸ್ಟಿಕ್ ಕಾರ್ಡು ನನ್ನ ಕಿಸೆಯಲ್ಲೇ ಮ್ಯಾಂಚೆಸ್ಟರಿಗೆ ಬಂದುಬಿಟ್ಟಿತ್ತು. ಶನಿವಾರ ಹೆಂಡತಿ ಮಕ್ಕಳು ಹೊರಟಾಗ ಅವರ ಟಿಕೆಟ್ಟು ಸರಿಯಿದ್ದರೂ ತೋರಿಸಲು ಕಾರ್ಡಿರಲಿಲ್ಲ, ಪೂರ್ತಿ ದರದ ಹೊಸ ಟಿಕೆಟ್ಟು ಕೊಳ್ಳಬೇಕಾಯಿತು. ಇದಕ್ಕೆ ಮಾತ್ರ ಪರಿಹಾರವಿದೆ: ಕಾರ್ಡು ಮರೆತು ಹಣ ಕೊಟ್ಟವರು ಎರಡೂ ಟಿಕೆಟ್ಟುಗಳನ್ನು ಜೋಪಾನವಾಗಿಟ್ಟು ಅರ್ಜಿ ಹಾಕಿದರೆ ವರ್ಷಕ್ಕೆ ಒಂದು ಸಲ ಹೆಚ್ಚುವರಿ ಹಣವನ್ನು ಮರಳಿಸುತ್ತಾರೆ. ನಮಗೂ ಮರಳಿತು, ಏಕೆಂದರೆ ಕಾರ್ಡಿನಲ್ಲಿ ಅವಳ ಹೆಸರೂ ಇತ್ತು. ಒಂದು ಕಾರ್ಡಿನಲ್ಲಿ ಇಬ್ಬರ ಹೆಸರು ನಮೂದಿಸಲು ಅವಕಾಶವಿದೆ, ಕೊಳ್ಳುವಾಗಲೇ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹಾಕಿಸಿ. ಆದರೆ ಮಗು ಜೊತೆಯಲ್ಲಿಲ್ಲದ ತಪ್ಪಿಗೆ ಈ ಮರುಪಾವತಿ ಅನ್ವಯಿಸುವುದಿಲ್ಲ. ಅದಕ್ಕೆ 21 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ನಾನು ಸಲ್ಲಿಸಿದೆ, ನಿಯಮ ಸ್ಪಷ್ಟವಾಗಿದೆಯೆಂದು ತಿರಸ್ಕೃತವಾಯಿತು. ಗುಂಪು ಒಡೆಯುವ ಸಂದರ್ಭ ಬಂದರೆ ಒಬ್ಬರೇ ಹೊರಡುವವರು ಆ ಟಿಕೆಟ್ಟನ್ನು ಮರೆತುಬಿಡಿ, ತಮಗೊಂದು ಹೊಸ ಟಿಕೆಟ್ಟು ಕೊಳ್ಳಿ, ಕಾರ್ಡನ್ನು ಮಕ್ಕಳ ಜೊತೆ ಉಳಿಯುವವರ ಕೈಗೆ ಕೊಡಿ.

ಮನೆಯಲ್ಲಿ 5 ವರ್ಷದೊಳಗಿನ ಮಗು ಮಾತ್ರ ಇದ್ದರೆ ಲೆಕ್ಕ ಬೇರೆ. ಮಗುವಿಗೆ ಟಿಕೆಟ್ಟೇ ಬೇಡವೆಂದು ಬಿಟ್ಟರೆ ಕಾರ್ಡಿನ ರಿಯಾಯಿತಿ ನಿಮಗೂ ಸಿಗುವುದಿಲ್ಲ. ಆ ಮಗುವಿಗೂ ಒಂದು ಮಕ್ಕಳ ಟಿಕೆಟ್ಟು ಕೊಂಡರೆ ಒಟ್ಟು ಮೊತ್ತ ಎಷ್ಟೋ ಸಲ ಕಡಿಮೆಯಾಗುತ್ತದೆ. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನೊಳಗೆ ವಾರದ ದಿನಗಳ ಬೆಳಗಿನ ದಟ್ಟಣೆಯ ವೇಳೆ ಈ ಕಾರ್ಡು ನಡೆಯುವುದಿಲ್ಲ, ಶಾಲೆಗೆ ರಜೆಯಿದ್ದರೂ ರೈಲಿಗೆ ಅದು ವಾರದ ದಿನವೇ. ಅಡ್ವಾನ್ಸ್ ಟಿಕೆಟ್ಟು ಅಗ್ಗವೆಂದು ಕೊಳ್ಳುವವರು ಅದು ಬರೆದಿರುವ ಆ ಒಂದು ರೈಲಿಗೆ ಮಾತ್ರ ಎಂಬುದನ್ನು ನೆನಪಿಡಬೇಕು. ಕಡಲತೀರದಲ್ಲಿ ಮರಳಾಡುವ ಮಕ್ಕಳನ್ನು ನಾಲ್ಕೂವರೆಯ ರೈಲಿಗೆ ಎಬ್ಬಿಸಿಕೊಂಡು ಬರುವುದು ಎಂಥ ಕೆಲಸವೆಂದು ಹೆತ್ತವರಿಗೆ ಗೊತ್ತು. ಹೋಗುವುದಕ್ಕೆ ಅಡ್ವಾನ್ಸ್ ಇರಲಿ, ಬರುವುದಕ್ಕೆ ಆಫ್ ಪೀಕ್ ಟಿಕೆಟ್ಟು ಕೊಳ್ಳಿ.

ರಜೆಯಲ್ಲಿ ವಿಮಾನ ದುಬಾರಿಯೆಂದು ಶಾಲೆಯ ದಿನಗಳಲ್ಲೇ ಮಕ್ಕಳನ್ನು ಊರಿಗೆ ಕರೆತರುವ ಯೋಚನೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. 10 ವಾರಗಳ ಅವಧಿಯಲ್ಲಿ ಐದು ದಿನ ಅನುಮತಿಯಿಲ್ಲದೆ ತಪ್ಪಿದರೆ ಸಾಕು, 2024ರ ಆಗಸ್ಟಿನಿಂದ ಒಂದು ಮಗುವಿಗೆ, ತಂದೆಗೂ ತಾಯಿಗೂ ಬೇರೆಬೇರೆಯಾಗಿ, 21 ದಿನದೊಳಗೆ ಕಟ್ಟಿದರೆ 80 ಪೌಂಡ್ ದಂಡ, ತಡವಾದರೆ 160. ಇಬ್ಬರು ಮಕ್ಕಳಿದ್ದರೆ ಕಡಿಮೆಯೆಂದರೂ 320 ಪೌಂಡ್ ಆಗುತ್ತದೆ.

ಅಲ್ಲಿನ ಕೇರ್ ಹೋಮುಗಳಲ್ಲಿ ದುಡಿಯುತ್ತಿರುವವರಿಗೆ ಒಂದು ಮಾತು. ಈಸ್ಟರ್, ಬೇಸಿಗೆ ಮತ್ತು ಕ್ರಿಸ್‌ಮಸ್ ರಜೆಗಳಲ್ಲಿ ಹ್ಯಾಫ್ ಎನ್ನುವ ಯೋಜನೆಯಡಿ ಕೌನ್ಸಿಲುಗಳು ಮಕ್ಕಳಿಗೆ ಆಟ ಮತ್ತು ಊಟದ ಉಚಿತ ಶಿಬಿರ ನಡೆಸುತ್ತವೆ. ಎರಡನೇ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಊಟ ಉಚಿತವಿರುವುದನ್ನು ನೋಡಿ ನಮ್ಮವರು ಶಿಬಿರವೂ ಎಲ್ಲರಿಗೂ ಎಂದು ತಿಳಿಯುತ್ತಾರೆ. ಅದು ಮುಖ್ಯವಾಗಿ ಆದಾಯದ ಆಧಾರದ ಮೇಲೆ ಉಚಿತ ಊಟ ಪಡೆಯುವ ಮಕ್ಕಳಿಗೆ. ಆದರೆ ವೀಸಾದಲ್ಲಿ ಸರ್ಕಾರಿ ನೆರವಿಲ್ಲ ಎಂದು ಬರೆದಿದ್ದರೂ ಆದಾಯದ ಮಿತಿಯೊಳಗಿರುವ ಕುಟುಂಬಗಳು ಶಾಲೆಯ ಉಚಿತ ಊಟಕ್ಕೆ ಅರ್ಜಿ ಹಾಕಬಹುದು. ಸಂಕೋಚವಿಲ್ಲದೆ ಶಾಲೆಯ ಕಚೇರಿಯಲ್ಲಿ ಕೇಳಿ. ಬೇಸಿಗೆಯಲ್ಲಿ ಗ್ರಂಥಾಲಯಗಳ ಸಮ್ಮರ್ ರೀಡಿಂಗ್ ಚಾಲೆಂಜ್ ಅಂತೂ 4ರಿಂದ 11 ವರ್ಷದ ಎಲ್ಲರಿಗೂ ತೆರೆದಿದೆ.

ನಮ್ಮ ಮಕ್ಕಳು ಇಂದಿಗೂ ನೆನೆಯುವುದು ಈಡೇಲ್ ಎಂಬ ಹಳ್ಳಿಯನ್ನು. ಮ್ಯಾಂಚೆಸ್ಟರಿನಿಂದ ಮುಕ್ಕಾಲು ಗಂಟೆಯ ರೈಲು, ಇಳಿದರೆ ಎದುರಿಗೇ ಗುಡ್ಡ, ಕಾಲುದಾರಿಗೆ ಹಣವಿಲ್ಲ. ಮ್ಯಾಮ್ ಟಾರ್ ಗುಡ್ಡದ ತುದಿ 517 ಮೀಟರ್. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ ಮಕ್ಕಳಿಗೆ ಅದು ಕಷ್ಟವಲ್ಲ, ಆದರೆ ನಮ್ಮ ಬಂಡೆಗಳಂತೆ ಅಲ್ಲಿ ಒಣಗಿರುವುದಿಲ್ಲ. ಆಗಸ್ಟಿನಲ್ಲೂ ಹುಲ್ಲು ಒದ್ದೆ, ಗಾಳಿ ಚಳಿ. ಮಳೆಯಂಗಿ, ಹೆಚ್ಚುವರಿ ಕಾಲುಚೀಲ ಚೀಲದಲ್ಲಿರಲಿ. ಆ ದಾರಿಯಲ್ಲಿ ರೈಲುಗಳು ಕಡಿಮೆ, ಆದ್ದರಿಂದ ಗುಡ್ಡ ಹತ್ತುವ ಮೊದಲೇ ಮರಳುವ ಎರಡು ರೈಲುಗಳ ಸಮಯವನ್ನು ಬರೆದುಕೊಳ್ಳಿ.