ಉತ್ತರ ನಿಮಗೆ ಗೊತ್ತಲ್ಲ ಮಿಸ್, ಮತ್ಯಾಕೆ ಕೇಳ್ತೀರಿ?

ಒಂಬತ್ತನೇ ತರಗತಿ, ಊಟದ ನಂತರದ ಇಂಗ್ಲಿಷ್ ಪೀರಿಯಡ್. ಪಾಠ ಓದಿ ಮುಗಿಸಿ, ರೂಢಿಯಂತೆ ಪ್ರಶ್ನೆ ಕೇಳುತ್ತಾ ಹೋಗುತ್ತಿದ್ದೆ. 'ವೇರ್ ಡಿಡ್ ದ ಬಾಯ್ ಗೋ?' ಎಲ್ಲರ ತಲೆಯೂ ಪುಸ್ತಕದೊಳಗೆ. ಕೊನೆಯ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿದೆ. ಅವನು ಎದ್ದು ನಿಂತು, ತುಂಟತನ ಚೂರೂ ಇಲ್ಲದೆ, ಕನ್ನಡದಲ್ಲೇ ಕೇಳಿದ: "ಉತ್ತರ ನಿಮಗೆ ಗೊತ್ತಲ್ಲ ಮಿಸ್, ಮತ್ಯಾಕೆ ನಮ್ಮನ್ನ ಕೇಳ್ತೀರಿ?"

ತರಗತಿ ಗೊಳ್ಳೆಂದಿತು. ನಾನು ಗದರಿಸಿ ಕೂರಿಸಿದೆ. ಆದರೆ ರಾತ್ರಿ ನೋಟ್ಸ್ ತಿದ್ದುವಾಗ ಆ ಮಾತು ತಲೆಯಿಂದ ಹೋಗಲಿಲ್ಲ. ಮರುದಿನ ಹಾಜರಿ ಪುಸ್ತಕದ ಹಿಂಬದಿಯಲ್ಲಿ, ನಾನು ಕೇಳುವ ಪ್ರತಿ ಪ್ರಶ್ನೆಗೂ ಒಂದು ಗೆರೆ ಎಳೆಯುತ್ತಾ ಪಾಠ ಮಾಡಿದೆ. ಒಂದು ಪೀರಿಯಡ್‌ಗೆ 31 ಗೆರೆ. ಅವುಗಳಲ್ಲಿ ನನಗೆ ನಿಜಕ್ಕೂ ಉತ್ತರ ಗೊತ್ತಿಲ್ಲದವು ಎರಡೇ ಎರಡು: ಇವತ್ತು ಯಾರು ಬಂದಿಲ್ಲ, ಹೋಮ್‌ವರ್ಕ್ ಯಾರು ಮಾಡಿಲ್ಲ.

ಚಿಕ್ಕ ಮಕ್ಕಳಾದರೆ ಗೊತ್ತಿರುವ ಉತ್ತರವನ್ನೂ ಟೀಚರ್ ಮೆಚ್ಚಲಿ ಅಂತ ಕುಣಿಯುತ್ತಾ ಹೇಳುತ್ತವೆ. ಹದಿನಾಲ್ಕರವರಿಗೆ ನನ್ನ ಮೆಚ್ಚುಗೆ ಬೇಡ, ಪಕ್ಕದವರ ಮುಂದೆ ನಗೆಪಾಟಲಾಗದೆ ಇದ್ದರೆ ಸಾಕು. ಬಾಯಿ ಬಿಟ್ಟರೆ ತಪ್ಪಾಗಬಹುದು, ಬಿಡದಿದ್ದರೆ ನಷ್ಟವೇನಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಬದಲಾಗಬೇಕಿದ್ದದ್ದು ನನ್ನ ಪ್ರಶ್ನೆಗಳು.

ಬಿ.ಎಡ್.ನಲ್ಲಿ ಪರೀಕ್ಷೆಗೆಂದು ಉರು ಹೊಡೆದು ಮರೆತಿದ್ದ ಒಂದು ವಿಷಯ ಆಗ ನೆನಪಾಯಿತು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದ್ದರು. ಇಂಗ್ಲಿಷ್ ಕಲಿಸುವವರ ವಲಯದಲ್ಲಿ ಅದು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ವ್ಯಾಕರಣವನ್ನು ಸಾಲಾಗಿ ಕಲಿಸುವ ಬದಲು ಮಕ್ಕಳಿಗೆ ಬಿಡಿಸಬೇಕಾದ ಕೆಲಸ ಕೊಡುವುದು, ಮನಸ್ಸು ಅರ್ಥದ ಹಿಂದೆ ಹೋದಾಗ ಭಾಷೆ ತಾನಾಗಿ ಕೂಡಿಕೊಳ್ಳುತ್ತದೆ ಎನ್ನುವುದು ಅವರ ನಂಬಿಕೆ. ಅಂಥ ಕೆಲಸಗಳಲ್ಲಿ ಅವರು ಮೂರು ಬಗೆಯ 'ಗ್ಯಾಪ್' ಗುರುತಿಸಿದರು. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ್ದು, ಕೊಟ್ಟ ಮಾಹಿತಿಯಿಂದ ತರ್ಕಿಸಿ ಕಂಡುಕೊಳ್ಳಬೇಕಾದ್ದು, ಒಬ್ಬೊಬ್ಬರ ಅಭಿಪ್ರಾಯ ಒಂದೊಂದಾಗಿರುವುದು. ನನ್ನ ತರಗತಿಯಲ್ಲಿ ಇಂಥ ಗ್ಯಾಪ್ ಒಂದೂ ಇರಲಿಲ್ಲ. ಎಲ್ಲರ ಕೈಯಲ್ಲೂ ಅದೇ ಪುಸ್ತಕ, ಅದೇ ಪುಟ.

ಮೊದಲು ಮಾಡಿದ್ದು ತೀರಾ ಸರಳವಾದದ್ದು. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದೆ. ಒಬ್ಬರ ಕೈಯಲ್ಲಿ ನಾನು ಗೀಚಿದ ಚಿತ್ರ: ಒಂದು ಮನೆ, ಮರ, ಬಾವಿ, ನಾಯಿ. ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ನೋಡಿದವರು ಇಂಗ್ಲಿಷಿನಲ್ಲಿ ಹೇಳಬೇಕು, ಕೇಳಿದವರು ಬರೆಯಬೇಕು. ಹತ್ತು ನಿಮಿಷ.

ಒಂದು ಜೋಡಿಯಲ್ಲಿ ಹುಡುಗಿ ಹೇಳಿದಳು, 'ಹೌಸ್ ಇನ್ ಫ್ರಂಟ್ ಆಫ್ ಟ್ರೀ'. ಅವಳ ಮನಸ್ಸಿನಲ್ಲಿದ್ದದ್ದು ಮನೆಯ ಮುಂದೆ ಮರ. ಕನ್ನಡದ ಸಾಲನ್ನೇ ಪದಕ್ಕೆ ಪದವಾಗಿ ಇಂಗ್ಲಿಷಿಗೆ ಇಳಿಸಿದ್ದಳು. ಅವಳ ಜೊತೆಗಾರ್ತಿಗೋ ಇಂಗ್ಲಿಷ್ ಸ್ವಲ್ಪ ಚೆನ್ನಾಗಿ ಗೊತ್ತು. ಕೇಳಿದ್ದನ್ನು ಹಾಗೇ ನಂಬಿ ಹಿಂದೆ ಮರ, ಅದರ ಬುಡವೇ ಕಾಣದಂತೆ ಮುಂದೆ ಮನೆ ಬರೆದಳು. ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಶುರುವಾಯಿತು ನೋಡಿ ಜಗಳ! "ನಾನು ಹೇಳಿದ್ದು ಸರಿ", "ನೀನು ಹೇಳಿದ್ದನ್ನೇ ಬರ್ದಿದ್ದು". ನ್ಯಾಯ ನನ್ನ ಮೇಜಿಗೆ ಬಂತು. ನಾನು ಬೋರ್ಡಿನ ಮೇಲೆ ಎರಡೂ ಸಾಲು ಬರೆದೆ, ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು. ನಮ್ಮಲ್ಲಿ 'ಮುಂದೆ' ಬರುವುದು 'ಮನೆ' ಆದ ಮೇಲೆ, ಅವರಲ್ಲಿ 'ಇನ್ ಫ್ರಂಟ್ ಆಫ್' ಬರುವುದು 'ಹೌಸ್'ಗೆ ಮೊದಲು. ಪ್ರಿಪೊಸಿಷನ್ ಅನ್ನುವ ಹೆಸರಿನಲ್ಲೇ ಇರುವ ಆ 'ಪ್ರಿ' ಎಂದರೆ 'ಮೊದಲು' ಎಂದು ನಾನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೆ. ತರಗತಿಗೆ ಅದು ತಟ್ಟಿದ್ದು ಅವತ್ತು, ಜಗಳ ಬಿಡಿಸಲು ಅದು ಬೇಕಾದಾಗ.

ಇದಾದ ಮೇಲೆ ಪಠ್ಯಪುಸ್ತಕದ ಅಭ್ಯಾಸಗಳನ್ನೇ ತಿರುಚತೊಡಗಿದೆ. ಪೋರ್ಷನ್ ಯಾರಪ್ಪನಿಗೂ ಕಾಯುವುದಿಲ್ಲ, ಹೊಸ ಸಾಮಗ್ರಿ ತಯಾರಿಸುತ್ತಾ ಕೂರಲು ನನಗೂ ಪುರುಸೊತ್ತಿಲ್ಲ. ಭೂತಕಾಲದ ಬಿಟ್ಟ ಸ್ಥಳ ತುಂಬುವ ಬದಲು, ಕಳೆದ ರಜೆಯ ಬಗ್ಗೆ ಮೂರು ವಾಕ್ಯ ಬರೆಯಿರಿ, ಅದರಲ್ಲಿ ಒಂದು ಸುಳ್ಳಿರಲಿ ಎಂದೆ. ಉಳಿದವರು ಪ್ರಶ್ನೆ ಕೇಳಿ ಸುಳ್ಳು ಹಿಡಿಯಬೇಕು. ಹದಿಹರೆಯದವರಿಗೆ ಸುಳ್ಳು ಹೇಳಲು ಅಧಿಕೃತ ಪರವಾನಗಿ ಸಿಕ್ಕರೆ ಕೇಳಬೇಕೇ! 'ಡಿಡ್ ಯು ವೆಂಟ್' ಎಂಬ ತಪ್ಪು ಆ ಒಂದು ಪೀರಿಯಡ್‌ನಲ್ಲಿ ಇಪ್ಪತ್ತು ಸಲವಾದರೂ ಕಿವಿಗೆ ಬಿತ್ತು. ಯಾರನ್ನೂ ನಡುವೆ ತಡೆಯಲಿಲ್ಲ. ಕೊನೆಯ ಐದು ನಿಮಿಷ ಅದೊಂದನ್ನೇ ತೆಗೆದುಕೊಂಡೆ: ಕಾಲದ ಹೊರೆಯನ್ನು 'ಡಿಡ್' ಹೊತ್ತ ಮೇಲೆ 'ಗೋ' ಮತ್ತೆ ಹೊರಬೇಕಿಲ್ಲ. ದಿನಕ್ಕೆ ಒಂದೇ ತಪ್ಪು, ಅದೂ ಎಲ್ಲರದ್ದೂ ಆಗಿರುವುದು, ಹೇಳಿದವರ ಹೆಸರಿಲ್ಲದೆ. ಅವತ್ತಿನಿಂದ ಇವತ್ತಿನವರೆಗೂ ಇದನ್ನು ಬಿಟ್ಟಿಲ್ಲ.

ಕಥೆಯ ಪಾಠವಿದ್ದರೆ ಪಾತ್ರದ ಗುಣಸ್ವಭಾವ ಬರೆಯಿರಿ ಅನ್ನುವುದನ್ನು ನಿಲ್ಲಿಸಿದೆ. 'ಇವರಲ್ಲಿ ಯಾರಿಗೆ ನಿನ್ನ ಗುಟ್ಟು ಹೇಳಲ್ಲ, ಯಾಕೆ?' ಎಂದು ಕೇಳುತ್ತೇನೆ. ಉತ್ತರ ಗೈಡಿನಲ್ಲಿ ಇಲ್ಲ, ನನಗೂ ಗೊತ್ತಿಲ್ಲ. ಯಾವ ಸಾಲಿನಿಂದ ಹಾಗನಿಸಿತು ಎಂದು ತೋರಿಸಲೇಬೇಕು, ಹಾಗಾಗಿ ಪಾಠ ಮತ್ತೆ ಓದದೆ ಗತ್ಯಂತರವಿಲ್ಲ.

ಎಡವಿದ್ದೂ ಇದೆ. ಇಂಗ್ಲಿಷ್ ಹಾಡು ಕೇಳಿಸಿದರೆ ಕುಣಿದಾಡುತ್ತಾರೆ ಎಂದುಕೊಂಡು ನನ್ನ ಕಾಲದ ಹಾಡೊಂದನ್ನು ತಂದೆ. ಅವರು ನನ್ನನ್ನು ನೋಡಿದ ಕನಿಕರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಂಡಗಳ ನಡುವೆ ಕ್ವಿಜ್ ಮಾಡಿದೆ. ಗದ್ದಲವೇನೋ ಜೋರಾಗಿತ್ತು, ಆದರೆ ಪ್ರತಿ ತಂಡದಲ್ಲೂ ಇಬ್ಬರು ಮಾತ್ರ ಆಡುತ್ತಿದ್ದರು, ಉಳಿದವರು ಚಪ್ಪಾಳೆಗೆ. ಗದ್ದಲವನ್ನೇ ಆಸಕ್ತಿ ಎಂದುಕೊಂಡು ಒಂದಿಡೀ ತಿಂಗಳು ಹಾಳು ಮಾಡಿದೆ.

ಅದಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದನ್ನು ಕಲಿಯುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ ಎಂದು ಮೇರಿ ಬಡ್ ರೋವ್ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ವಿಜ್ಞಾನದ ತರಗತಿಗಳನ್ನು. ನಮ್ಮ ಹುಡುಗರ ಪಾಡು ಇನ್ನೂ ಬೇರೆ. 'ನಾನು ನಿನ್ನೆ ಅವನಿಗೆ ಪುಸ್ತಕ ಕೊಟ್ಟೆ' ಎಂದು ತಲೆಯಲ್ಲಿ ಮೂಡಿದ್ದನ್ನು ಹೇಳಬೇಕಾದರೆ, ಕೊನೆಯಲ್ಲಿರುವ 'ಕೊಟ್ಟೆ'ಯನ್ನು ಎತ್ತಿ 'ನಾನು' ಪಕ್ಕದಲ್ಲಿ ತಂದಿಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ನಾನು ಮನಸ್ಸಿನಲ್ಲೇ ಏಳರವರೆಗೆ ಎಣಿಸುತ್ತೇನೆ. ಮೊದಮೊದಲು ನಾಲ್ಕಕ್ಕೆ ಬರುವಷ್ಟರಲ್ಲಿ ಬೆವರುತ್ತಿದ್ದೆ. ಈಗ ಪ್ರಶ್ನೆ ಕೇಳಿ, ಪಕ್ಕದವರ ಹತ್ತಿರ ಒಂದು ನಿಮಿಷ ಮಾತಾಡಿಕೊಳ್ಳಿ, ಕನ್ನಡದಲ್ಲಾದರೂ ಸರಿ, ಎನ್ನುತ್ತೇನೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಬೇಕು. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಪದ್ಧತಿ ನನಗೆ ಯಾವತ್ತೂ ಹಿಡಿಸಿಲ್ಲ. ಅದರಿಂದ ಇಂಗ್ಲಿಷ್ ಹೆಚ್ಚುವುದಿಲ್ಲ, ಮೌನ ಹೆಚ್ಚುತ್ತದೆ.

ಇಷ್ಟಾದರೂ ಬಾಯೇ ಬಿಡದವರು ನಾಲ್ಕೈದು ಮಂದಿ ಉಳಿದರು. ಅವರಿಗಾಗಿ ಒಂದು ಪುಟ್ಟ ನೋಟ್‌ಬುಕ್. ವಾರಕ್ಕೊಮ್ಮೆ ಎರಡು ಸಾಲು, ಏನು ಬೇಕಾದರೂ ಬರೆಯಿರಿ, ಮಾರ್ಕ್ಸ್ ಇಲ್ಲ, ಕೆಂಪು ಪೆನ್ ಮುಟ್ಟುವುದಿಲ್ಲ, ನಾನೂ ಎರಡು ಸಾಲು ವಾಪಸ್ ಬರೆಯುತ್ತೇನೆ ಎಂದೆ. ಹೆಚ್ಚಿನವರು 'ಐ ಆಮ್ ಫೈನ್' ಎಂದು ಬರೆದು ಕೈತೊಳೆದುಕೊಂಡರು. ಎರಡನೇ ಬೆಂಚಿನ ಒಬ್ಬ ಹುಡುಗಿ, ವರ್ಷವಿಡೀ ದನಿ ಕೇಳಿಸದವಳು, ಬರೆದದ್ದು ಹೀಗೆ: 'ಮಿಸ್ ಯು ಆರ್ ಸೇ ಓಕೆ 46 ಟೈಮ್. ಐ ಕೌಂಟ್.'

ಕೈ ತಾನಾಗಿಯೇ ಕೆಂಪು ಪೆನ್ನಿನತ್ತ ಹೋಯಿತು. ತಡೆದುಕೊಂಡು ನೀಲಿಯಲ್ಲಿ ಬರೆದೆ: 'ಐ ಡಿಡಂಟ್ ನೋ ಐ ಸೆಡ್ ಇಟ್ 46 ಟೈಮ್ಸ್! ಹೌ ಮೆನಿ ಟೈಮ್ಸ್ ಟುಡೇ? ಪ್ಲೀಸ್ ಕೌಂಟ್.'

ಮುಂದಿನ ವಾರ ನೋಟ್‌ಬುಕ್ ಬಂತು. 'ಟುಡೇ ಯು ಸೆಡ್ ಓಕೆ 38 ಟೈಮ್ಸ್. ಯು ಆಲ್ಸೋ ಸೆಡ್ ಅಂಡರ್‌ಸ್ಟುಡ್ 12 ಟೈಮ್ಸ್. ಬಟ್ ವಿ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್.'