ಎರಡು ಬಕೆಟ್‌ನಲ್ಲಿ ಒಂದು ಮೂಟೆ ಮಾಲ್ಟ್

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿದ ಹೊಸದರಲ್ಲಿ ಒಂದೊಂದು ಸಲಕ್ಕೂ ಬೇಕಾಗುವ ನಾಲ್ಕೂವರೆ ಕೆಜಿ ಮಾಲ್ಟನ್ನು ಅಂಗಡಿಯಲ್ಲೇ ಒಡೆಸಿ ತರುತ್ತಿದ್ದೆ. 25 ಕೆಜಿ ಮೂಟೆ ಕೊಂಡರೆ ಎಷ್ಟೋ ಅಗ್ಗ ಎಂದು ತಿಳಿದಾಗ ಒಂದು ಮೂಟೆ ತಂದು, ಬಾಯಿ ಸುತ್ತಿ, ನೆಲಮಾಳಿಗೆಯ ಗೋಡೆಗೆ ಒರಗಿಸಿಟ್ಟೆ. ಅದು ಜುಲೈ. ಇಲ್ಲಿನ ಬೇಸಿಗೆಯಲ್ಲಿ ನೆಲಮಾಳಿಗೆ ತಂಪೇನೋ ಹೌದು, ಆದರೆ ತೇವ ಹಿಡಿದಿರುತ್ತದೆ. ಸೆಪ್ಟೆಂಬರಿನಲ್ಲಿ ಬಿಚ್ಚಿದರೆ ಕಾಳುಗಳ ನಡುವೆ ಬಿಳಿ ನೂಲು, ಸಣ್ಣ ಚಿಟ್ಟೆ. ಅರ್ಧ ಮೂಟೆಗಿಂತ ಹೆಚ್ಚು ತಿಪ್ಪೆಗೆ ಹೋಯಿತು. ಅನ್ನ ಚೆಲ್ಲಿದಷ್ಟೇ ಸಂಕಟವಾಯಿತು.

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನಮ್ಮ ಮೊಳಕೆ ರಾಗಿಯ ಹಾಗೆ. ಅದರಲ್ಲಿ ಉಳಿದಿರುವ ತೇವ ಸುಮಾರು ನೂರಕ್ಕೆ 4 ಮಾತ್ರ. ಹಾಗಾಗಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಹುಳು ಕಣ್ಣಿಗೆ ಕಾಣುತ್ತದೆ. ತೇವ ಕಾಣುವುದಿಲ್ಲ, ಹಲ್ಲಿಗೇ ಗೊತ್ತಾಗಬೇಕು. ತುಮಕೂರು ಕಡೆಯ ನಮ್ಮಜ್ಜಿ ಅವರೆಕಾಳನ್ನು ವಾಡೆಗೆ ತುಂಬುವ ಮೊದಲು ಒಂದೆರಡು ಕಡಿದು ನೋಡುತ್ತಿದ್ದಳು. ನಾನೂ ಅದನ್ನೇ ಮಾಡುತ್ತೇನೆ. ಕರುಂ ಎಂದರೆ ಸರಿ. ಚರ್ಮ ಜಗಿದಂತಾದರೆ ಆ ಕಾಳು ತೇವ ಹೀರಿ ಮೆತ್ತಗಾಗಿದೆ.

ಈಗ ಐದು ಗ್ಯಾಲನ್ನಿನ ಎರಡು ಬಕೆಟ್ ಇಟ್ಟಿದ್ದೇನೆ. ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕು, ಹೊಸದು. ಉಪ್ಪಿನಕಾಯಿ ತುಂಬಿದ್ದ ಹಳೆಯ ಬಕೆಟ್ಟು ಪುಕ್ಕಟೆ ಸಿಕ್ಕರೂ ಬೇಡ, ಎಷ್ಟು ತೊಳೆದರೂ ವಿನೆಗರ್ ವಾಸನೆ ಬಿಡುವುದಿಲ್ಲ. ದುಡ್ಡು ಹಾಕಬೇಕಾದ್ದು ಮುಚ್ಚಳಕ್ಕೆ. ಬಕೆಟ್ಟಿನ ಜೊತೆ ಬರುವ ಮಾಮೂಲಿ ಮುಚ್ಚಳವನ್ನು ಎಬ್ಬಿಸುವಾಗ ಉಗುರು ಕಿತ್ತು ಬರುತ್ತದೆ, ಆ ಬೇಸರಕ್ಕೆ ಆಮೇಲೆ ನಾವೇ ಸಡಿಲವಾಗಿ ಮುಚ್ಚಿಬಿಡುತ್ತೇವೆ. ಗಾಮಾ ಸೀಲ್ ಎಂಬ ಮುಚ್ಚಳದ ಬಳೆಯನ್ನು ಬಕೆಟ್ಟಿನ ಬಾಯಿಗೆ ರಬ್ಬರ್ ಸುತ್ತಿಗೆಯಿಂದ ಒಮ್ಮೆ ಬಡಿದು ಕೂರಿಸಿದರೆ ಮುಗಿಯಿತು. ಆಮೇಲೆ ತಿರುಗಿಸಿ ತೆಗೆಯುವುದು, ತಿರುಗಿಸಿ ಹಾಕುವುದು. ಒಂದೊಂದರಲ್ಲಿ ಹನ್ನೊಂದು ಕೆಜಿಯಷ್ಟು ಹಿಡಿಯುತ್ತದೆ. ಮಿಕ್ಕದ್ದು ಆ ವಾರದ ಬಿಯರಿಗೇ ಹೋಗುತ್ತದೆ.

ಬೇವಿನ ಸೊಪ್ಪು ಹಾಕಬಾರದೇ ಎಂದು ಊರಿನಿಂದ ಅಮ್ಮ ಕೇಳಿದಳು. ಅಕ್ಕಿ, ಬೇಳೆಯನ್ನು ತೊಳೆದು ಬಳಸುತ್ತೇವೆ. ಮಾಲ್ಟನ್ನು ತೊಳೆಯುವುದಿಲ್ಲ, ಹಾಗೇ ಒಡೆದು ಬಿಸಿನೀರಿಗೆ ಹಾಕುವುದು, ಅದಕ್ಕೇ ನಾನು ಹಾಕಲಿಲ್ಲ. ಅದರ ಬದಲು ಹೊಸ ಮಾಲ್ಟನ್ನು ಚೀಲಗಳಲ್ಲಿ ಕಟ್ಟಿ ನಾಲ್ಕೈದು ದಿನ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಡುತ್ತೇನೆ. ಹುಳುವಿನ ಮೊಟ್ಟೆ ಇದ್ದರೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಕೂಡದು. ತಣ್ಣನೆಯ ಕಾಳಿಗೆ ಗಾಳಿ ತಗುಲಿದರೆ ಬೆವರುತ್ತದೆ, ಪಟ್ಟ ಪಾಡೆಲ್ಲ ನೀರುಪಾಲು.

ಕಾಳನ್ನು ಇಡಿಯಾಗಿಯೇ ಇಡುತ್ತೇನೆ, ಒಡೆಯುವುದು ಬಿಯರ್ ಮಾಡುವ ದಿನ ಬೆಳಿಗ್ಗೆ, ಅದೂ ಗ್ಯಾರೇಜಿನಲ್ಲಿ. ಸಿಪ್ಪೆಯ ದೂಳಿನಲ್ಲಿ ಹುಳಿ ಹಿಡಿಸುವ ಬ್ಯಾಕ್ಟೀರಿಯಾ ತುಂಬಿರುತ್ತವೆ. ಅದು ಹುದುಗು ಪಾತ್ರೆಯ ಹತ್ತಿರ ಸುಳಿಯಬಾರದು.